ಬಚ್ಚಲ ಬಾಗಿಲ ಚಿಲಕ

ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಊರಿಗೆಲ್ಲ ಅವಳು ಕಂಡಕ್ಟರಮ್ಮ. ಗಂಡ ಬಸ್ ಡಿಪೋದಲ್ಲಿ ಡ್ರೈವರ್ ಆಗಿದ್ದ. ಅವನು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಡಿಪೋದವರು ಕನಿಕರಪಟ್ಟು ಅವಳಿಗೊಂದು ಕೆಲಸ ಕೊಟ್ಟರು. ಮೊದಲ ದಿನ ಗಂಡಸರೇ ತುಂಬಿದ್ದ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಕೂಗಲು ಹೋದರೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಹಿಂದಿನ ಸೀಟಿನಿಂದ ಯಾರೋ, "ಅಮ್ಮಾವ್ರೇ, ಟಿಕೆಟ್ ಕೊಡ್ತಿದ್ದೀರೋ, ಕಿವೀಲಿ ಗುಟ್ಟು ಹೇಳ್ತಿದ್ದೀರೋ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆವತ್ತು ಮನೆಗೆ ಬಂದು ಅತ್ತವಳು ಮಾರನೆಯ ದಿನ ಬಾಯಿ ತೆರೆದಳು. ಆಮೇಲೆ ಅದನ್ನು ಮುಚ್ಚಿಸುವ ಗಂಡಸು ಆ ದಾರಿಯಲ್ಲಿ ಹುಟ್ಟಲಿಲ್ಲ.

ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳುವುದು, ನಿದ್ದೆ ಬಂದವರಂತೆ ನಟಿಸುವವನನ್ನು ಎಬ್ಬಿಸಿ ಬಸುರಿಗೆ ಸೀಟು ಕೊಡಿಸುವುದು, ಚಿಲ್ಲರೆ ಇಲ್ಲ ಎನ್ನುವವನ ಜೇಬಿನಿಂದಲೇ ಚಿಲ್ಲರೆ ಹೊರಡಿಸುವುದು, ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಈ ಸಂಬಳದಲ್ಲೇ ಮಗನನ್ನು ಓದಿಸಿದಳು. ಓದು ಹತ್ತಲಿಲ್ಲ, ಅವನು ಲಾರಿ ಹತ್ತಿದ. ಮದುವೆ ಮಾಡಿದಳು. ಸೊಸೆ ಮನೆಗೆ ಬಂದು ಎರಡು ವರ್ಷವಾದರೂ ಅತ್ತೆಯ ಎದುರು ಒಂದು ಮಾತು ಜಾಸ್ತಿ ಆಡಿದವಳಲ್ಲ. ಆಡಲು ಅತ್ತೆ ಜಾಗ ಬಿಟ್ಟರೆ ತಾನೆ? "ನನ್ನ ಸೊಸೆ ಬಾಯಿಲ್ಲದ ಹುಡುಗಿ" ಎಂದು ಕಂಡಕ್ಟರಮ್ಮ ನೆರೆಯವರ ಹತ್ತಿರ, ಹೊಗಳಿಕೆಯೋ ದೂರೋ ತಿಳಿಯದ ಹಾಗೆ ಹೇಳುತ್ತಿದ್ದಳು.

ಭೂಮಿ ನಡುಗಿದಾಗ ಅವಳು ಬಸ್ಸಿನಲ್ಲಿದ್ದಳು. ಟಯರು ಸಿಡಿಯಿತೆಂದುಕೊಂಡು ಸೀಟಿ ಊದಿ ನಿಲ್ಲಿಸಿದಳು. ಕೆಳಗಿಳಿದು ನೋಡಿದರೆ ಟಯರುಗಳೆಲ್ಲ ನೆಟ್ಟಗಿದ್ದವು, ರಸ್ತೆ ಬದಿಯ ಮನೆಗಳು ಕೂತುಬಿಟ್ಟಿದ್ದವು. ಅವಳ ಮನೆಯ ಮಾಡೂ ಬಿದ್ದಿತ್ತು. ತುಂಬು ಬಸುರಿ ಸೊಸೆ ಬಟ್ಟೆ ಒಣಹಾಕಲು ಹೊರಗೆ ಬಂದಿದ್ದರಿಂದ ಜೀವ ಉಳಿದಿತ್ತು. ಊರಿನ ಅರ್ಧ ಜನ ಶಾಲೆಯ ಆಟದ ಬಯಲಿಗೆ ಬಂದು ಡೇರೆಗಳಲ್ಲಿ ಬಿದ್ದುಕೊಂಡರು. ಡಿಪೋದ ಬಸ್ಸುಗಳು ಅಕ್ಕಿ ಕಂಬಳಿ ಹೊರುವ ಗಾಡಿಗಳಾದವು. ಮಗ ಪರಿಹಾರದ ಸಾಮಾನು ಹೊತ್ತು ಗುಡ್ಡದ ಆಚೆಯ ಹಳ್ಳಿಗಳಿಗೆ ಹೋದವನು ರಸ್ತೆ ಕುಸಿದು ಅಲ್ಲೇ ಸಿಕ್ಕಿಕೊಂಡ. ಆಗಾಗ ಫೋನು ಮಾಡುತ್ತಿದ್ದ, ಅಷ್ಟೇ ಸಮಾಧಾನ. ಬಯಲಿನ ಒಂದು ಮೂಲೆಯ ಡಾಕ್ಟರ ಡೇರೆಯಲ್ಲಿ ಸೊಸೆ ಹೆಣ್ಣು ಮಗು ಹೆತ್ತಳು.

ಶಿಬಿರದ ಮೇಲ್ವಿಚಾರಣೆಗೆ ಬಂದಿದ್ದ ಸಾಹೇಬರು ಕಂಡಕ್ಟರಮ್ಮನ ಗಂಟಲು ಕೇಳಿ, ಹೆಂಗಸರ ಡೇರೆ ಸಾಲುಗಳನ್ನು ಅವಳಿಗೇ ಒಪ್ಪಿಸಿದರು. ಸೋಪು ಹಂಚುವುದು, ಕಂಬಳಿ ಹಂಚುವುದು, ಹಾಲಿನ ಪುಡಿಗೆ ಎರಡು ಸಲ ಸಾಲಿಗೆ ನಿಂತವಳನ್ನು ಹಿಡಿಯುವುದು, ಹಿಡಿದು ಬೈದ ಮೇಲೆ ಎರಡನೇ ಪೊಟ್ಟಣವನ್ನೂ ಕೊಟ್ಟು ಕಳಿಸುವುದು. "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂಬ ಅವಳ ದನಿ ಬಯಲಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು. ಹೆಂಗಸರು ಅವಳಿಗೆ ಹೆದರುತ್ತಿದ್ದರು, ಕಷ್ಟ ಬಂದರೆ ಅವಳ ಹತ್ತಿರವೇ ಓಡುತ್ತಿದ್ದರು.

ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ನೀರಿನ ಟ್ಯಾಂಕಿನ ಪಕ್ಕ ಬಿದಿರು ನೆಟ್ಟು, ನೀಲಿ ಟಾರ್ಪಾಲು ಸುತ್ತಿ, ಮುಂದೆ ಪರದೆ ಇಳಿಬಿಟ್ಟು ಹೆಂಗಸರಿಗೆ ಸ್ನಾನದ ಮರೆಗಳನ್ನು ಮಾಡಿಸಿದರು. ನೀರು ಹತ್ತಿರವಾಗಲಿ ಎಂಬುದು ಅವರ ಲೆಕ್ಕ. ಆದರೆ ಟ್ಯಾಂಕಿನ ಎದುರಿಗೆ ಬೆಳಗಿನಿಂದ ಸಂಜೆಯವರೆಗೆ ಬಕೆಟ್ಟು ಹಿಡಿದ ಗಂಡಸರ ಸಾಲು. ಬಯಲಿನ ಗಾಳಿಗೆ ಪರದೆ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಧೈರ್ಯ ಮಾಡಿ ಹೋದ ಒಬ್ಬಿಬ್ಬರು ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಪರದೆ ಹಿಡಿದು ಮೈಗೆ ನೀರು ತೋರಿಸಿ ಬಂದರು. ಮತ್ತೆ ಯಾರೂ ಆ ಕಡೆ ಸುಳಿಯಲಿಲ್ಲ. ನೀರು ತಣ್ಣಗಿರುವುದಕ್ಕೆ ಬರುತ್ತಿಲ್ಲವೇನೋ ಎಂದು ಸಾಹೇಬರು ವಿಚಾರಿಸಿದರೆ, "ಎಲ್ಲ ಚೆನ್ನಾಗಿದೆ ಸಾರ್" ಎಂದು ಹೆಂಗಸರು ನೆಲ ನೋಡಿದರು. ಸಾಹೇಬರನ್ನು ಬೈದು ಪ್ರಯೋಜನವಿಲ್ಲ. ಕೇಳಿದಾಗ ಹೇಳದೆ ಹೋದರೆ ಅವರಿಗೇನು ಕನಸು ಬೀಳಬೇಕೇ?

ಹಾಗಾದರೆ ಹೆಂಗಸರು ಸ್ನಾನ ಮಾಡುತ್ತಿದ್ದದ್ದು ಎಲ್ಲಿ? ಟೈಲರಮ್ಮನ ಮನೆಯಲ್ಲಿ. ಬಯಲಿನ ಹಿಂದುಗಡೆಯ ಗಲ್ಲಿಯ ಕೊನೆಯ ಮನೆ ಅದು, ಅವಳೂ ಈಗ ಡೇರೆಗೆ ಬಂದಿದ್ದಳು. ಆ ಗಲ್ಲಿಯ ಪ್ರತಿ ಬಾಗಿಲ ಮೇಲೂ ಕೆಂಪು ಬಣ್ಣದ ಇಂಟು ಮಾರ್ಕು ಹಾಕಿದ್ದರು, ಒಳಗೆ ಕಾಲಿಡಬಾರದು ಎಂದು ಅರ್ಥ. ಟೈಲರಮ್ಮನ ಮನೆಯ ಮುಂದಿನ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ಆದರೆ ಹಿತ್ತಲಿನ ಕೈಪಂಪು ನೀರು ಕೊಡುತ್ತಿತ್ತು. ಅಡುಗೆಮನೆ ದಾಟಿ, ಸಣ್ಣ ಓಣಿಯಂಥ ಜಾಗ ದಾಟಿದರೆ ಬಚ್ಚಲು. ಒಳಗೆ ಒಲೆ ಮೇಲೆ ಕೂತ ಹಂಡೆ, ಸೂರಿನ ಹತ್ತಿರ ಹೊಗೆ ಹೋಗಲು ಒಂದು ಗೂಡು, ಗಟ್ಟಿ ಮರದ ಬಾಗಿಲು. ನಾಲ್ಕು ಗೋಡೆ, ಬಿಸಿನೀರು. ಡೇರೆಯಲ್ಲಿ ಬೆವತು ಬೇಯುತ್ತಿದ್ದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಅರಮನೆ ಬೇಕಿರಲಿಲ್ಲ.

ಅಪಾಯ ಕಂಡಕ್ಟರಮ್ಮನಿಗೆ ಗೊತ್ತಿತ್ತು. ಬೇಡ ಎಂದರೂ ಹೋಗುತ್ತಾರೆ ಎಂಬುದೂ ಗೊತ್ತಿತ್ತು. ಹಾಗಾಗಿ ಟೈಲರಮ್ಮನಿಂದ ಮನೆಯ ಕೀಲಿಕೈ ಇಸಿದುಕೊಂಡು ತಾನೇ ಕಟ್ಟಳೆ ಮಾಡಿದಳು. ಗಂಡಸರು ಮಧ್ಯಾಹ್ನ ಕಲ್ಲುಮಣ್ಣು ತೆಗೆಯಲು ಹೋದಾಗಲೇ ಹೋಗಬೇಕು. ಒಬ್ಬರು ಒಳಗೆ, ಇಬ್ಬರು ಹಿತ್ತಲಲ್ಲಿ ಕಾವಲು. ಬಟ್ಟೆ ಕಾವಲಿನವರ ಕೈಯಲ್ಲಿ. ನೆಲ ಒಂದಿಷ್ಟು ಅಲುಗಿದರೂ ಸೀಟಿ ಊದುತ್ತಾರೆ, ಸೀಟಿ ಕೇಳಿದ ಕೂಡಲೇ ಮೈಗೆ ಸೋಪಿದ್ದರೂ ಟವೆಲು ಸುತ್ತಿ ಹೊರಗೆ ಓಡಿ ಬರಬೇಕು. ಎಲ್ಲಕ್ಕಿಂತ ಮುಖ್ಯ, ಬಾಗಿಲು ಓರೆ ಮಾಡಿಕೊಳ್ಳಬಹುದು, ಚಿಲಕ ಹಾಕಕೂಡದು.

ಚಿಲಕವನ್ನೇ ಕಿತ್ತುಬಿಡೋಣ ಎಂದಳು ಒಬ್ಬಳು. ಟೈಲರಮ್ಮ ಸುತರಾಂ ಒಪ್ಪಲಿಲ್ಲ.

"ನಮ್ಮತ್ತೆ ಕಾಲದ ಹಿತ್ತಾಳೆ ಚಿಲಕ ಅದು. ಕಿತ್ತರೆ ನಾಳೆ ಮತ್ತೆ ಹಾಕಿಕೊಡೋರು ಯಾರು?"

ಮನೆಯೇ ನಾಳೆ ಇರುವುದಿಲ್ಲ ಎಂದು ಅವಳ ಮುಖಕ್ಕೆ ಹೇಳುವ ಎದೆ ಯಾರಿಗೂ ಇರಲಿಲ್ಲ. ಕಂಡಕ್ಟರಮ್ಮನಿಗೂ ಇರಲಿಲ್ಲ. ಚಿಲಕ ಇದ್ದಲ್ಲೇ ಉಳಿಯಿತು.

ಇನ್ನೊಂದು ಮಾತು. ಈ ವಿಷಯ ಗಂಡಸರ ಕಿವಿಗೆ, ಅದರಲ್ಲೂ ಸಾಹೇಬರ ಕಿವಿಗೆ ಬೀಳಬಾರದೆಂದು ಎಲ್ಲರೂ ಆಣೆ ಮಾಡಿದ್ದರು. ಸಾಹೇಬರಿಗೆ ತಿಳಿದರೆ ಗಲ್ಲಿಗೇ ಬೀಗ ಹಾಕಿಸುತ್ತಾರೆ. ಗಂಡಸರಿಗೆ ತಿಳಿದರೆ ಮಾನದ ಪ್ರಶ್ನೆ. ಬಾಯಿ ಬಿಟ್ಟರೆ ಬಣ್ಣಗೇಡು. ಹೀಗೆ ಗುಟ್ಟು ಬೆಳೆಯಿತು, ಕೀಲಿಕೈ ಕಂಡಕ್ಟರಮ್ಮನ ಸೊಂಟದಲ್ಲಿ ತೂಗಿತು, ತಾನಿಲ್ಲದೆ ಈ ಹೆಂಗಸರ ಮೈಗೆ ಒಂದು ಚೊಂಬು ನೀರೂ ಬೀಳುವುದಿಲ್ಲ ಎಂಬ ಹೆಮ್ಮೆ ಅವಳ ಹೊಟ್ಟೆಯೊಳಗೆ ತಣ್ಣಗೆ ಕೂತಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆ ದಿನ ಬೆಳಿಗ್ಗೆ ಸೋಪು ಹಂಚುವಾಗ ಸಾಹೇಬರು ಅವಳನ್ನು ಪಕ್ಕಕ್ಕೆ ಕರೆದರು.

"ಅಮ್ಮ, ಡಾಕ್ಟರು ಕೇಳ್ತಿದ್ರು. ಆ ಮರೆಗಳನ್ನ ಯಾರೂ ಬಳಸ್ತಿಲ್ಲ. ಹೆಂಗಸರು ಸ್ನಾನ ಎಲ್ಲಿ ಮಾಡ್ತಾರೆ?"

"ಮಾಡ್ಕೊಳ್ತಾರೆ ಸಾರ್. ಹೆಂಗಸರು ಹೇಗೋ ಮಾಡ್ಕೊಳ್ತಾರೆ."

"ಏನಾದ್ರೂ ತೊಂದರೆ ಇದ್ರೆ ಹೇಳಿ."

"ನಮ್ಮ ತೊಂದರೆ ನಾವು ನೋಡ್ಕೊಳ್ತೀವಿ. ನೀವು ಅಕ್ಕಿ ಲಾರಿ ಯಾವಾಗ ಬರುತ್ತೆ ನೋಡಿ" ಎಂದು ನಗುತ್ತಲೇ ಅವರ ಬಾಯಿ ಕಟ್ಟಿದಳು. ಸಾಹೇಬರೂ ನಕ್ಕು ಹೋದರು.

ಡೇರೆಗೆ ಬಂದರೆ ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡದ್ದೇ ಸ್ನಾನ.

"ಅತ್ತೆ, ನನ್ನ ಮೈ ನನಗೇ ವಾಸನೆ ಹೊಡೀತಿದೆ. ಬಿಸಿನೀರು ತಲೆ ಮೇಲೆ ಬಿದ್ರೆ ಸಾಕು ಅನ್ನಿಸ್ತಿದೆ" ಎಂದಳು. ಆಮೇಲೆ ದನಿ ಇಳಿಸಿ, "ಬೇರೆ ಯಾರೂ ಬೇಡ. ಹೊಲಿಗೆ ಇನ್ನೂ ಒಣಗಿಲ್ಲ. ನನಗೆ ನಾಚಿಕೆ. ನೀವೊಬ್ರೇ ಬನ್ನಿ" ಎಂದಳು.

ಬಾಯಿಲ್ಲದ ಹುಡುಗಿ ಬಾಯಿ ಬಿಟ್ಟು ಕೇಳಿದ್ದಾಳೆ. ಇಬ್ಬರು ಕಾವಲು ಇರಲೇಬೇಕೆಂದು ಊರಿಗೆಲ್ಲ ಕಟ್ಟಳೆ ಮಾಡಿದವಳೇ ಅದನ್ನು ಮುರಿದಳು. ಊಟವಾದ ಮೇಲೆ ಬಟ್ಟೆಯ ಬುಟ್ಟಿ ಒಂದು ಕೈಯಲ್ಲಿ, ಮಗು ಇನ್ನೊಂದು ಕೈಯಲ್ಲಿ, ಸೊಸೆ ಹಿಂದೆ, ಹೀಗೆ ಮೂವರೂ ಗಲ್ಲಿ ಹೊಕ್ಕರು.

ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದ್ದಾಯಿತು. ನೀರು ಕಾದ ಮೇಲೆ ಸೊಸೆ ಟವೆಲು ಹಿಡಿದು ಒಳಗೆ ಹೋದಳು. ಕಂಡಕ್ಟರಮ್ಮ ಹಿತ್ತಲಿನ ನಡುವೆ, ಗೋಡೆಗಳಿಂದ ದೂರ, ಪಂಪಿನ ಕಟ್ಟೆಯ ಮೇಲೆ ಕೂತಳು. ಮಗು ಮಡಿಲಲ್ಲಿ, ಸೀಟಿ ಕೊರಳಲ್ಲಿ. ಒಳಗಿನಿಂದ ನೀರು ಸುರಿಯುವ ಸದ್ದು ಬಂತು. ಮತ್ತೊಂದು ಚೊಂಬು, ಇನ್ನೊಂದು ಚೊಂಬು. ಸೊಸೆ ಸಣ್ಣಗೆ ಏನೋ ಗುನುಗುತ್ತಿದ್ದಳು. ಅವಳು ಹಾಡುತ್ತಾಳೆ ಎಂಬುದೇ ಅತ್ತೆಗೆ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗಿದ್ದು ಇದು ಹೇಗೆ ತಪ್ಪಿಹೋಯಿತು ಎಂದು ಯೋಚಿಸುತ್ತ ಕೂತಳು.

ಮೊದಲು ಪಂಪಿನ ಹಿಡಿ ತಾನಾಗಿಯೇ ಕಟಕಟ ಎಂದಿತು. ಕಂಡಕ್ಟರಮ್ಮ ಎದ್ದು ನಿಲ್ಲುವಷ್ಟರಲ್ಲಿ ಸೀಟಿ ಬಾಯಲ್ಲಿತ್ತು. ಉಸಿರೆಲ್ಲ ಸೇರಿಸಿ ಊದಿದಳು. ಸಣ್ಣಪುಟ್ಟ ನಡುಕ ದಿನವೂ ಇದ್ದದ್ದೇ, ಬಂದ ಹಾಗೇ ಹೋಗುತ್ತಿತ್ತು. ಇದು ಹೋಗಲಿಲ್ಲ. ಕಾಲಕೆಳಗಿನ ಕಲ್ಲು ಸರಿದಾಡಿತು. ಸೂರಿನ ಅಂಚು ಕಳಚಿ ಹಿತ್ತಲಿಗೆ ಬಿತ್ತು. ಮನೆಯೊಳಗೆ ಎಲ್ಲೋ ಮರ ಮುರಿಯುವ ಸದ್ದಾಯಿತು. ಅವಳು ಮಗುವನ್ನು ಎದೆಗೆ ಅವುಚಿಕೊಂಡು ಊದುತ್ತಲೇ ಇದ್ದಳು. ನಡುಕ ನಿಂತಿತು. ಧೂಳು ಮೇಲೆದ್ದಿತು. ಹಿತ್ತಲ ಬಾಗಿಲಲ್ಲಿ ಸೊಸೆ ಕಾಣಿಸಲಿಲ್ಲ.

"ಬಾರೇ ಹೊರಗೆ."

ಒಳಗಿನಿಂದ ಕೆಮ್ಮು, ಕೆಮ್ಮಿನ ನಡುವೆ ಮಾತು.

"ಅತ್ತೆ, ಬಾಗಿಲು ಬರ್ತಿಲ್ಲ."

ಒಳಗೆ ಹೋಗಬೇಕು. ಮಗುವನ್ನು ಎತ್ತಿಕೊಂಡು ಆ ಸೂರಿನ ಕೆಳಗೆ ಹೋಗುವ ಹಾಗಿಲ್ಲ, ಬಿಟ್ಟು ಹೋಗಲು ಕೈ ಬರುವುದಿಲ್ಲ. ಬುಟ್ಟಿಯಲ್ಲಿದ್ದ ನೈಟಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡು, ಉಳಿದ ಬಟ್ಟೆಯ ಮೇಲೆ ಮಗುವನ್ನು ಮಲಗಿಸಿ, ಬುಟ್ಟಿಯನ್ನು ಹಿತ್ತಲಿನ ನಟ್ಟನಡುವೆ ಇಟ್ಟಳು. ಮಗು ಕಣ್ಣು ಬಿಟ್ಟು ಆಕಾಶ ನೋಡುತ್ತಿತ್ತು. ತಿರುಗಿ ನೋಡಿದರೆ ಹೋಗಲಾರೆ ಎಂದು ಗೊತ್ತಿದ್ದುದರಿಂದ ಅವಳು ತಿರುಗಲಿಲ್ಲ.

ಅಡುಗೆಮನೆಯ ನೆಲದ ಮೇಲೆಲ್ಲ ಗಾರೆ ಬಿದ್ದಿತ್ತು. ಬಚ್ಚಲ ಮುಂದಿನ ಓಣಿಯಲ್ಲಿ ತೊಲೆಯೊಂದು ಒಂದು ಕಡೆ ಕುಸಿದು ಬಾಗಿಲ ಚೌಕಟ್ಟಿನ ಮೇಲೆ ಭಾರ ಬಿಟ್ಟು ಕೂತಿತ್ತು. ಚೌಕಟ್ಟು ಓರೆಯಾಗಿ, ಬಾಗಿಲ ಮೇಲ್ತುದಿಯಲ್ಲಿ ಅಂಗೈ ಅಗಲದ ಸಂದಿ ಬಿಟ್ಟಿತ್ತು. ಸಂದಿಯಿಂದ ಹೊಗೆ ಬರುತ್ತಿತ್ತು. ಕಂಡಕ್ಟರಮ್ಮ ಹೆಗಲು ಕೊಟ್ಟು ತಳ್ಳಿದಳು. ಮೇಲಿನಿಂದ ಮಣ್ಣು ಉದುರಿತು, ಬಾಗಿಲು ಅಲುಗಲಿಲ್ಲ.

"ಚಿಲಕ ಹಾಕಿದ್ದೀಯಾ?"

"ಹೂಂ."

"ಹಾಕ್ಬೇಡ ಅಂತ ಎಷ್ಟು ಸಲ ಹೇಳಿದ್ದೆ."

"ಕೈ ತಾನಾಗೇ ಹೋಯ್ತು ಅತ್ತೆ. ಹಾಕಿದ್ದು ನನಗೇ ಗೊತ್ತಾಗಿಲ್ಲ. ಈಗ ಬಿಗಿದುಕೊಂಡಿದೆ, ಎಳೆದ್ರೂ ಬರ್ತಿಲ್ಲ."

ಅದು ಸುಳ್ಳಲ್ಲ. ಹುಟ್ಟಿ ಬುದ್ಧಿ ಬಂದಾಗಿನಿಂದ ಬಚ್ಚಲಿಗೆ ಹೋದ ಹೆಣ್ಣಿನ ಕೈ ಮೊದಲು ಹೋಗುವುದೇ ಚಿಲಕಕ್ಕೆ. ಅದನ್ನು ಕಲಿಸಿದವರು ನಾವೇ. ಒಂದು ಮಧ್ಯಾಹ್ನದ ಕಟ್ಟಳೆಗೆ ಆ ಕೈ ಬಗ್ಗುತ್ತದೆಯೇ?

"ಹೊಗೆ ಜಾಸ್ತಿ ಇದೆಯಾ?"

"ಗೂಡು ಮುಚ್ಚಿಹೋಗಿದೆ. ಒಲೆಗೆ ನೀರು ಸುರಿದೆ, ಆರಿದೆ. ಅತ್ತೆ, ಮೇಲಿನ ಸ್ಲ್ಯಾಬು ಒಂದು ಮೂಲೇಲಿ ಕೆಳಗೆ ಬಂದಿದೆ. ನಾನು ನೆಟ್ಟಗೆ ನಿಲ್ಲೋಕೆ ಆಗ್ತಿಲ್ಲ." ಮತ್ತೆ ಕೆಮ್ಮಿ ಹೇಳಿದಳು. "ಯಾರನ್ನಾದ್ರೂ ಕರೀರಿ. ಗಂಡಸರಾದ್ರೂ ಸರಿ. ಬೇಗ."

ಅಷ್ಟು ಬಿಡಿಸಿ ಹೇಳಿದಳು ಆ ಬಾಯಿಲ್ಲದ ಹುಡುಗಿ. ಕಂಡಕ್ಟರಮ್ಮ ಓಡಬೇಕಿತ್ತು. ಓಡಲಿಲ್ಲ.

ಅವಳು ಬಾಗಿಲ ಮೇಲೆ ಎರಡೂ ಅಂಗೈ ಇಟ್ಟುಕೊಂಡು ನಿಂತಳು. ಕರೆದರೆ ಇಡೀ ಶಿಬಿರ ಬರುತ್ತದೆ. ಹಸಿ ಬಾಣಂತಿ, ಮೈ ಮೇಲೆ ಒಂದು ಒದ್ದೆ ಟವೆಲು, ಸುತ್ತ ಗಂಡಸರು. ನಾಳೆ ಮಗನ ಕಿವಿಗೆ ಯಾವ ಬಾಯಿಂದ ಯಾವ ಮಾತು ಬೀಳುತ್ತದೋ. ಕರೆದುಕೊಂಡು ಹೋದವರು ಯಾರು ಎಂದು ಕೇಳುತ್ತಾರೆ. ನಂಬಿ ಆಣೆ ಮಾಡಿದ ಹೆಂಗಸರೆಲ್ಲ ಮುಖಕ್ಕೆ ಉಗಿಯುತ್ತಾರೆ. ಸಾಹೇಬರ ಎದುರು ಬೆಳಿಗ್ಗೆ ಹಲ್ಲು ಕಿರಿದು ಸುಳ್ಳು ಹೇಳಿದ್ದಾಗಿದೆ. ಇನ್ನೊಂದು ಸಲ ಜೋರಾಗಿ ತಳ್ಳಿದರೆ ಬಂದೀತೇನೋ. ಯಾರಿಗೂ ತಿಳಿಯದ ಹಾಗೆ ಎಲ್ಲ ಮುಗಿದುಹೋದೀತೇನೋ. ಬಸ್ಸಿನಲ್ಲಿ ನೂರು ಜನ ಗಂಡಸರನ್ನು ಗದರಿಸಿದ ಹೆಂಗಸು, ನಾಲ್ಕು ಜನ ಏನೆಂದಾರು ಎಂಬ ಲೆಕ್ಕ ಹಾಕುತ್ತ ನಿಂತಳು. ಹೊರಗೆ ಮಗು ಅಳಲು ಶುರು ಮಾಡಿತು. ಒಳಗೆ ಸೊಸೆ ಕೆಮ್ಮುತ್ತಿದ್ದಳು. ಅವಳು ನಿಂತೇ ಇದ್ದಳು.

"ಅತ್ತೆ" ಎಂದಿತು ಒಳಗಿನ ದನಿ. ಮೆಲ್ಲಗೆ, ಏನನ್ನೂ ಕೇಳದೆ.

ಆಗ ಅವಳಿಗೆ ಮೈ ತಿಳಿಯಿತು. ಹೆಗಲ ಮೇಲಿದ್ದ ನೈಟಿಯನ್ನು ಮೇಲಿನ ಸಂದಿಯಲ್ಲಿ ತುರುಕಿದಳು. "ಹಾಕ್ಕೋ ಮಗಳೇ. ಈಗ ಬಂದೆ" ಎಂದು ಓಡಿದಳು. ಹಿತ್ತಲು ದಾಟಿ ಗಲ್ಲಿಗೆ ಬಿದ್ದು ಸೀಟಿ ಬಾಯಿಗಿಟ್ಟು ಬಯಲಿನ ಕಡೆಗೆ ಹೊರಟವಳು ಹತ್ತು ಹೆಜ್ಜೆಗೇ ನಿಂತುಬಿಟ್ಟಳು.

ಗಲ್ಲಿಯಲ್ಲಿ ಬಿದ್ದ ಮರದ ದಿಮ್ಮಿಯ ಹತ್ತಿರ ಇಬ್ಬರು ಗಂಡಸರು ಈ ಕಡೆಗೆ ಬೆನ್ನು ಹಾಕಿ ನಿಂತಿದ್ದರು. ಒಬ್ಬ ಡೇರೆ ಕಂಬ ನೆಡುವ ಬಡಗಿ, ಇನ್ನೊಬ್ಬ ಪಂಪ್ ರಿಪೇರಿಯವನು. ಬಡಗಿಯ ಕೈಯಲ್ಲಿ ಹಾರೆಯಿತ್ತು. ಹೆಗಲಲ್ಲಿ ಗರಗಸ, ಉಳಿಯ ಚೀಲ ಎಲ್ಲ ಸಿದ್ಧವಾಗಿ ತೂಗುತ್ತಿದ್ದವು. ಬೆವರು ಇಳಿಯುತ್ತಿತ್ತು.

"ನೀವು ಇಲ್ಲಿ?"

ಬಡಗಿ ಆಗಲೂ ಪೂರ್ತಿ ತಿರುಗಲಿಲ್ಲ. "ಸೀಟಿ ಕೇಳಿಸ್ತು. ನಿಲ್ಲದೆ ಊದ್ತಿದ್ರಲ್ಲ, ಏನೋ ಆಗಿದೆ ಅಂತ ಗೊತ್ತಾಯ್ತು. ನೀವು ಕರೀದೆ ಹೇಗೆ ಬರೋದು ಅಂತ ನಿಂತ್ಕೊಂಡ್ವಿ."

"ನಿಮಗೆ ಮೊದಲೇ ಗೊತ್ತಿತ್ತಾ?"

"ದಿನಾ ಮಧ್ಯಾಹ್ನ ಹೊಗೆ ಬರುತ್ತಲ್ಲಮ್ಮ, ನಾವೇನು ಕುರುಡರಾ? ನಮ್ಮನೆಯೋಳೂ ಬರ್ತಾಳೆ. ಹೊರಗಿನವರು ಯಾರೂ ಈ ಕಡೆ ಬರದ ಹಾಗೆ ಸರದಿ ಮೇಲೆ ಒಬ್ಬಿಬ್ರು ಕೂತಿರ್ತೀವಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಹೆಂಗಸರ ಗುಟ್ಟು. ಗಂಡಸರದ್ದೂ ಅದೇ ಕಥೆ. ಆ ಕಡೆ ಅವಳು ಕರೆಯದೆ ನಿಂತಿದ್ದಳು, ಈ ಕಡೆ ಇವರು ಹಾರೆ ಹಿಡಿದು ಕರೆಯಲಿ ಎಂದು ನಿಂತಿದ್ದರು, ನಡುವೆ ಒಂದು ಹುಡುಗಿ ಸ್ಲ್ಯಾಬಿನ ಕೆಳಗೆ ಬಗ್ಗಿ ಕೂತಿದ್ದಳು. ಇದಕ್ಕೆ ಮರ್ಯಾದೆ ಎಂದು ಹೆಸರು. ಇಂಥ ಮರ್ಯಾದೆಗೆ ನನಗಂತೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

"ಬನ್ನಿ. ನನ್ನ ಸೊಸೆ ಒಳಗಿದ್ದಾಳೆ" ಎಂದಳು ಕಂಡಕ್ಟರಮ್ಮ.

ಹಿತ್ತಲಲ್ಲಿ ಮಗು ಚೀರುತ್ತಿತ್ತು. ಪಂಪ್ ರಿಪೇರಿಯವನಿಗೆ ಅದನ್ನು ಎತ್ತಿಕೊಳ್ಳಲು ಹೇಳಿ ಬಡಗಿ ಒಳಗೆ ನುಗ್ಗಿದ. ತೊಲೆ ನೋಡಿದ, ಚೌಕಟ್ಟು ನೋಡಿದ. ಕಂಡಕ್ಟರಮ್ಮ ಮತ್ತೆ ಹೆಗಲು ಕೊಡಲು ಹೋದಾಗ ತೋಳು ಹಿಡಿದು ಹಿಂದಕ್ಕೆಳೆದ.

"ತಳ್ಳಬೇಡಿ. ಮೇಲಿನ ಭಾರ ಎಲ್ಲ ಈಗ ಈ ಬಾಗಿಲ ಮೇಲೇ ಕೂತಿದೆ. ಇದು ಬಿದ್ರೆ ಎಲ್ಲ ಒಟ್ಟಿಗೆ ಬರುತ್ತೆ."

ತಾನು ಯಾರಿಗೂ ತಿಳಿಯದ ಹಾಗೆ ಇನ್ನೊಂದು ಸಲ ತಳ್ಳಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ತಿಳಿಯಿತು.

ಗಲ್ಲಿಯ ದಿಮ್ಮಿಯನ್ನು ಬಡಗಿಯೂ ಅವಳೂ ಸೇರಿ ಹೊತ್ತು ತಂದರು. ಅದನ್ನೇ ತೊಲೆಯಡಿ ಊರುಗಂಬವಾಗಿ ನಿಲ್ಲಿಸಿ ಬುಡಕ್ಕೆ ಬೆಣೆ ಬಡಿದರು. ಬಡಗಿ ನೆಲದ ಮೇಲೆ ಅಂಗಾತ ಮಲಗಿ ಬಾಗಿಲ ಕೆಳಗಿನ ಹಲಗೆಗೆ ಉಳಿ ಹಚ್ಚಿದ.

"ತಂಗೀ, ಬಾಗಿಲಿಂದ ದೂರ ಕೂತ್ಕೋ. ಕೆಳಗಡೆ ತೂತು ಮಾಡ್ತೀನಿ. ತೆವಳಿಕೊಂಡು ಬರ್ಬೇಕು."

"ಹೂಂ ಅಣ್ಣ" ಎಂದಿತು ಒಳಗಿನಿಂದ.

ಹಳೆಯ ಮರ, ಕಲ್ಲಿನಂತೆ ಗಟ್ಟಿ. ಬಾಗಿಲು ಗಟ್ಟಿ ಎಂದೇ ಅಲ್ಲವೇ ಹೆಂಗಸರು ಇಲ್ಲಿಗೆ ಬರುತ್ತಿದ್ದದ್ದು. ಉಳಿಯ ಒಂದೊಂದು ಏಟಿಗೂ ಮೇಲಿನಿಂದ ಮಣ್ಣು ಉದುರುತ್ತಿತ್ತು, ಬಡಗಿ ನಿಲ್ಲಿಸಿ ತೊಲೆ ನೋಡುತ್ತಿದ್ದ, ಮತ್ತೆ ಹೊಡೆಯುತ್ತಿದ್ದ. ತೂತು ಕೈ ಹೋಗುವಷ್ಟಾದಾಗ ಗರಗಸ ಹಾಕಿದ. ಅರ್ಧ ಕೊಯ್ದಿದ್ದ. ನೆಲ ಮತ್ತೆ ನಡುಗಿತು. ಊರುಗಂಬ ಕಿರ್ರೆಂದಿತು. ಬೆಣೆ ಒಂದು ಬೆರಳು ಸರಿಯಿತು. ಬಡಗಿಯ ಕೈ ನಿಂತಿತು. ಕಂಡಕ್ಟರಮ್ಮ ಬೆಣೆಯ ಮೇಲೆ ಕಾಲಿಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ನಡುಕ ಬಂದ ಹಾಗೇ ಹೋಯಿತು.

"ಕೊಯ್ಯಿರಿ" ಎಂದಳು.

ಹಲಗೆ ಕಳಚಿ ಬಿತ್ತು. ಮೊದಲು ಒಂದು ಕೈ ಬಂತು, ಆಮೇಲೆ ಸೋಪಿನ ನೊರೆ ಒಣಗಿದ ತಲೆ. ಬಡಗಿ ಮುಖ ಆ ಕಡೆ ತಿರುಗಿಸಿಕೊಂಡು ಕೈ ಮಾತ್ರ ಚಾಚಿದ. ಸೊಸೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ತೆವಳಿ ಹೊರಬಂದಳು. ನೈಟಿಯನ್ನು ಕತ್ತಲಲ್ಲಿ ತಿರುಗುಮುರುಗಾಗಿ ಹಾಕಿಕೊಂಡಿದ್ದಳು. ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು.

"ಮಗು?"

ಮಗು ಹಿತ್ತಲಿನ ನಡುವೆ ಇತ್ತು. ಪಂಪ್ ರಿಪೇರಿಯವನಿಗೆ ಮಗುವನ್ನು ಎತ್ತಲು ಧೈರ್ಯ ಸಾಲದೆ, ಬುಟ್ಟಿಯನ್ನೇ ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ತೂಗುತ್ತ, "ಆಯ್ತು ಆಯ್ತು ಆಯ್ತು" ಎಂದು ಅದಕ್ಕಿಂತ ಹೆಚ್ಚಾಗಿ ತನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಸೊಸೆ ಮಗುವನ್ನು ಎತ್ತಿಕೊಂಡು ಗಲ್ಲಿಗೆ ಬಂದು ಬಿಸಿಲಲ್ಲಿ ಕೂತುಬಿಟ್ಟಳು. ಬಚ್ಚಲ ಸ್ಲ್ಯಾಬು ಮಾರನೆಯ ಬೆಳಿಗ್ಗೆ, ನೆಲ ಅಲುಗದೆಯೇ, ತಾನಾಗಿ ಬಿತ್ತು.

ಗುಟ್ಟು ರಟ್ಟಾಯಿತು. ಸಂಜೆ ಸಾಹೇಬರು ಎಲ್ಲರನ್ನೂ ಬಯಲಿನಲ್ಲಿ ಸೇರಿಸಿದರು. ಅವರು ರೇಗಲಿಲ್ಲ. ಮುಖ ಮಾತ್ರ ಬಿಳಿಚಿತ್ತು. ಏನು ಬೇಕೆಂದು ಕೇಳಿದರು. ಹೆಂಗಸರು ನೆಲ ನೋಡಿದರು, ಗಂಡಸರು ಆಕಾಶ ನೋಡಿದರು. ಕಂಡಕ್ಟರಮ್ಮ ಎದ್ದು ನಿಂತು, ಹೆಂಗಸರಿಗೆ ಟ್ಯಾಂಕಿನಿಂದ ದೂರ, ತಗಡಿನ ಗೋಡೆ, ಮರದ ಬಾಗಿಲಿರುವ ಬಚ್ಚಲು ಬೇಕೆಂದು ಹೇಳಿದಳು. ಪರದೆ ಬೇಡ, ಸೂರಿಗೆ ಭಾರದ್ದು ಏನೂ ಬೇಡ. ನೀರು ನಾವೇ ಹೊತ್ತುಕೊಳ್ಳುತ್ತೇವೆ ಎಂದಳು. ಇಷ್ಟು ಹೇಳಲು ಎರಡು ನಿಮಿಷ ಸಾಕಾಯಿತು. ಬಡಗಿ ಅಲ್ಲೇ ಎದ್ದು, ಬೆಳಿಗ್ಗೆ ಕೆಲಸ ಶುರು ಮಾಡುತ್ತೇನೆ ಎಂದ.

ಆಮೇಲೆ ಜನ ಅವಳನ್ನು ಹೊಗಳಿದರು. ಮಗುವನ್ನು ಬಯಲಲ್ಲಿಟ್ಟು ಬೀಳುವ ಮನೆಯೊಳಗೆ ನುಗ್ಗಿದಳಂತೆ, ಬೆಣೆ ಒತ್ತಿ ಹಿಡಿದಳಂತೆ, ಎಂಥ ಗಟ್ಟಿ ಜೀವ. "ನೀವು ತಕ್ಷಣ ಜನರನ್ನ ಕರೆದಿದ್ದಕ್ಕೆ ಆ ಜೀವ ಉಳೀತು ಅಮ್ಮ" ಎಂದರು ಸಾಹೇಬರು. ಟೈಲರಮ್ಮ ಬಂದು ಕೈ ಹಿಡಿದು, ಆ ಚಿಲಕ ಕಿತ್ತುಬಿಡಬೇಕಿತ್ತು ಎಂದು ಅತ್ತಳು. ಮಗ ಫೋನಿನಲ್ಲಿ, "ಅಮ್ಮ, ನೀನಿಲ್ದಿದ್ರೆ" ಎಂದ. ಒಂದೊಂದು ಹೊಗಳಿಕೆಯೂ ಅವಳಿಗೆ ಚುಚ್ಚಿತು. ಆದರೂ ತುಟಿ ಬಿಚ್ಚಲಿಲ್ಲ. ಆ ನಿಂತ ಹೊತ್ತು ತನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದಳು.

ಡೇರೆಗೆ ಬಂದಾಗ ಸೊಸೆ ಮೊಣಕಾಲಿಗೆ ಬಟ್ಟೆ ಕಟ್ಟಿಸಿಕೊಂಡು, ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ತಲೆಯಲ್ಲಿ ಸೋಪಿನ ಬಿಳುಪು ಇನ್ನೂ ಹಾಗೇ ಇತ್ತು. ಕಂಡಕ್ಟರಮ್ಮ ಒದ್ದೆ ಬಟ್ಟೆ ತಂದು ಒರೆಸಲು ಹೋದಳು. ಸೊಸೆ ತಲೆ ಬಗ್ಗಿಸಿಕೊಟ್ಟಳು.

"ಅತ್ತೆ."

"ಏನಮ್ಮ?"

"ಬಾಗಿಲ ಆಚೆ ನಿಮ್ಮ ಉಸಿರು ಕೇಳಿಸ್ತಿತ್ತು. ಹೋಗೋ ಸದ್ದು ಮಾತ್ರ ಕೇಳಿಸ್ತಿರಲಿಲ್ಲ."

ಕಂಡಕ್ಟರಮ್ಮನ ಕೈ ಸೊಸೆಯ ಕೂದಲಲ್ಲೇ ನಿಂತಿತು. ಏನೇನೋ ಹೇಳಬಹುದಿತ್ತು. ಗಾಬರಿ ಆಗಿತ್ತು ಎನ್ನಬಹುದಿತ್ತು, ಮಗುವಿನ ಅಳು ಕೇಳುತ್ತಿದ್ದೆ ಎನ್ನಬಹುದಿತ್ತು. ಮಾತಿಗೆ ಬರವಿದ್ದ ಹೆಂಗಸಲ್ಲ ಅವಳು.

"ನಿಂತಿದ್ದೆ ಕಣಮ್ಮ" ಎಂದಳು. "ಜನ ಏನಂತಾರೋ ಅಂತ ನಿಂತಿದ್ದೆ."

ಮಗು ಹಾಲು ಬಿಟ್ಟು ನಿದ್ದೆ ಹೋಗಿತ್ತು. ಅದರ ಬಾಯಿ ಒರೆಸಿ, ಅತ್ತೆಯ ಮಡಿಲಿಗೆ ಹಾಕಿ, ಸೊಸೆ ಆ ಕಡೆ ತಿರುಗಿ ಮಲಗಿದಳು.